ಸಮುದ್ರಕ್ಕೆ ಹೋದ ಎರೆ

ಡೋಣಿ ನದಿಯ ದಂಡೆಯ ನಮ್ಮೂರಿನಿಂದ ಮುಂಬೈಗೆ ಹೋಗಬೇಕೆಂದರೆ ಮೊದಲು ವಿಜಯಪುರದ ಬಸ್ಸು, ಅಲ್ಲಿಂದ ಸೊಲ್ಲಾಪುರದ ಬಸ್ಸು, ರಾತ್ರಿ ಊಟ ಮುಗಿಸಿ ಸಿದ್ಧೇಶ್ವರ ಎಕ್ಸ್‌ಪ್ರೆಸ್. ಮೂವತ್ತು ವರ್ಷ ಹೊಲದಿಂದ ಹೊಲಕ್ಕೆ ಅಲೆದು, ಗುಂಡಿ ತೋಡಿಸಿ, ಅದರೊಳಗಿಳಿದು ಮಣ್ಣು ನೋಡುವುದನ್ನೇ ನೌಕರಿ ಮಾಡಿಕೊಂಡಿದ್ದ ನನಗೆ ಈ ದಾರಿಯಲ್ಲಿ ಒಂದು ಹುಚ್ಚು ಸಮಾಧಾನವಿದೆ. ಐನೂರು ಕಿಲೋಮೀಟರಿಗೂ ಹೆಚ್ಚು ಓಡಿದರೂ ಕೆಳಗಿನ ಕಲ್ಲಿನ ಮನೆತನ ಬದಲಾಗುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಾಯ್ಬಿಟ್ಟು ಕಾರಿದ ಲಾವಾ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಅದು ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಾಸಿಕೊಂಡು ಬಿದ್ದಿದೆ. ಗೋಳಗುಮ್ಮಟದ ಗೋಡೆಯಲ್ಲಿರುವುದೂ ಅದೇ ಕರಿಕಲ್ಲು, ಖಂಡಾಳಾ ಘಟ್ಟದಲ್ಲಿ ರೈಲು ಕೊರೆದುಕೊಂಡು ಇಳಿಯುವುದೂ ಅದನ್ನೇ. ಕತ್ತಲಲ್ಲಿ ಬ್ರೇಕಿನ ವಾಸನೆ ಬಂದಾಗ ಘಟ್ಟ ಬಂತು ಎಂದು ಎಚ್ಚರವಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ದಾದರ.

2024ರ ಫೆಬ್ರವರಿಯಲ್ಲಿ ನಾನು ಹೋದದ್ದು ತಂಗಿಯ ಮನೆ ಖಾಲಿ ಮಾಡಿಸಲು. ಅವಳ ಗಂಡ ಕೇಂದ್ರ ಸರ್ಕಾರದ ನೌಕರ. ಆಂಟಾಪ್ ಹಿಲ್‌ನ ಸರ್ಕಾರಿ ಕಾಲೊನಿಯ ಎರಡನೇ ಮಹಡಿಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ನಿವೃತ್ತಿ, ಕ್ವಾರ್ಟರ್ಸ್ ಬಿಡಬೇಕು. ಗ್ಯಾಲರಿಯಲ್ಲಿ ಹತ್ತು ಹನ್ನೆರಡು ಕುಂಡ: ತುಳಸಿ, ಕರಿಬೇವು, ಒಂದು ಮಲ್ಲಿಗೆ ಬಳ್ಳಿ. ಎಲ್ಲದರಲ್ಲೂ ಕೆಂಪು ಮಣ್ಣು. ಇದು ಎಲ್ಲಿಯದು ಎಂದು ಕೇಳಿದೆ. ನರ್ಸರಿಯಿಂದ ಚೀಲದ ಲೆಕ್ಕದಲ್ಲಿ ತಂದದ್ದಂತೆ. ಕೆಳಗಿನ ಮಣ್ಣು ಯಾಕೆ ಹಾಕಲಿಲ್ಲ ಎಂದರೆ ನಕ್ಕಳು.

"ಕೆಳಗ ಮಣ್ಣ ಎಲ್ಲೈತಿ ಅಣ್ಣಾ? ಮ್ಯಾಲ ಫರಶಿ, ಫರಶಿ ಕೆಳಗ ಕಲ್ಲು-ಇಟ್ಟಂಗಿ ಚೂರು, ಅದರ ಕೆಳಗ ರಾಡಿ. ರಾಡ್ಯಾಗ ಏನ್ ಬೆಳೀತೈತಿ?"

ಇಪ್ಪತ್ತು ವರ್ಷಗಳಲ್ಲಿ ನಾನು ಆ ಮನೆಗೆ ಏಳೆಂಟು ಸಲ ಬಂದಿದ್ದೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿದ್ದೆ, ವಡಾಲದ ರಾಮಮಂದಿರಕ್ಕೆ ಹೋಗಿದ್ದೆ, ಕೊಲಾಬಾದಲ್ಲಿ ಎಲ್ಲರಂತೆ ಫೋಟೊ ತೆಗೆಸಿಕೊಂಡಿದ್ದೆ. ಕಾಲ ಕೆಳಗೆ ನೋಡಿರಲಿಲ್ಲ. ತಂಗಿಯ ಆ ಒಂದು ಮಾತು ಸಾಕಾಯಿತು. ಸಾಮಾನು ಕಟ್ಟುವ ಕೆಲಸ ತಂಗಿಯ ಮಗನಾದ ಅಳಿಯನಿಗೆ ಒಪ್ಪಿಸಿ, ಹಳೆಯ ಚಾಳಿಯಂತೆ ಒಂದು ಚಾಕು, ನಾಲ್ಕು ಪ್ಲಾಸ್ಟಿಕ್ ಚೀಲ ಜೇಬಿಗೆ ಹಾಕಿಕೊಂಡು ಹೊರಟೆ.

"ಇಷ್ಟ ವರ್ಷದಾಗ ಸಮುದ್ರ ನೋಡಾಕ ಕರದ್ರ ಬರಲಿಲ್ಲ, ಈಗ ರಾಡಿ ನೋಡಾಕ ಹೊಂಟಾನ ನೋಡ್ರಿ," ಎಂದು ತಂಗಿ ಗಂಡನಿಗೆ ಹೇಳಿದ್ದು ಮೆಟ್ಟಿಲಿಳಿಯುವಾಗ ಕಿವಿಗೆ ಬಿತ್ತು.

ಆಂಟಾಪ್ ಹಿಲ್ ಎಂಬುದರಲ್ಲಿ ಒಂದು ಗುಡ್ಡವಿದೆ ಎನ್ನುವುದನ್ನು ನಂಬಲು ಹುಡುಕಬೇಕಾಗುತ್ತದೆ. ಅಂತೋಬಾ ಎಂಬ ಜಮೀನುದಾರನ ಗುಡ್ಡ, ಇಂಗ್ಲಿಷರ ಬಾಯಲ್ಲಿ ಆಂಟಾಪ್ ಆಯಿತು ಎನ್ನುತ್ತಾರೆ. ಈಗ ಗುಡ್ಡದ ಮೈತುಂಬ ಮನೆಗಳು, ಬುಡದಲ್ಲಿ ಶೇಖ್ ಮಿಸ್ರಿ ದರ್ಗಾ, ಅವರ ಹೆಸರಿನದೇ ರಸ್ತೆ. ದರ್ಗಾದ ಪಕ್ಕದಿಂದ ಓಣಿ ಹಿಡಿದು ಹತ್ತಿದೆ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಷ್ಟು ಕಿರಿದಾದ ಓಣಿ. ಒಂದು ತಿರುವಿನಲ್ಲಿ ಯಾರದೋ ಅಡುಗೆಮನೆಯ ಹಿಂದೆ, ನೀರಿನ ಪೈಪುಗಳ ಸಂದಿಯಲ್ಲಿ, ಗುಡ್ಡದ ನಿಜವಾದ ಮೈ ಒಂದು ಗೇಣಿನಷ್ಟು ಕಂಡಿತು. ಶಿಥಿಲವಾದ ಕಲ್ಲು, ಹಳದಿ ಮಿಶ್ರಿತ ಕಂದು ಗರಸು. ಉಗುರಿನಿಂದ ಕೆರೆದರೆ ಉದುರುತ್ತಿತ್ತು.

ಮುಂಬೈ ದ್ವೀಪಕ್ಕೆ ಎರಡು ಬೆನ್ನೆಲುಬು. ಪಶ್ಚಿಮದ್ದು ಮಲಬಾರ್ ಹಿಲ್‌ನಿಂದ ವರಳಿಯವರೆಗೆ, ಶ್ರೀಮಂತರದು. ಪೂರ್ವದ್ದು ಶಿವಡಿ, ಆಂಟಾಪ್ ಹಿಲ್, ಸಾಯನ್ ಎಂದು ತುಂಡುತುಂಡಾಗಿ ಎದ್ದು ನಿಂತದ್ದು. ಪದರಗಳೆಲ್ಲ ಪಶ್ಚಿಮಕ್ಕೆ ವಾಲಿರುವುದರಿಂದ ಪೂರ್ವದ ಸಾಲಿನ ಕಲ್ಲೇ ಹಳೆಯದು. ಸಾಯನ್ ಕೋಟೆ ಕುಳಿತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಮೇಲೆ. ಈ ಎರಡು ಬೆನ್ನೆಲುಬುಗಳ ನಡುವೆ, ಸುತ್ತ, ಹಿಂದೆ, ಮುಂದೆ ಇದ್ದದ್ದೆಲ್ಲ ಉಬ್ಬರದ ನೀರು ಬಂದು ಹೋಗುವ ತಗ್ಗು. ಗುಡ್ಡದ ಮೇಲಿನಿಂದ ಪೂರ್ವಕ್ಕೆ ನೋಡಿದರೆ ಕಟ್ಟಡಗಳ ಸಂದಿಯಲ್ಲಿ ಈಗಲೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಸಿರು ಪಟ್ಟಿ, ಅದರಾಚೆ ಮಾಹುಲ್ ಕಡೆಯ ಎಣ್ಣೆ ಕಾರ್ಖಾನೆಗಳ ಚಿಮಣಿ.

ಅಲ್ಲಿ ನಿಂತಾಗ ನನಗೆ ನಮ್ಮೂರಿನ ನಕ್ಷೆ ನೆನಪಾಯಿತು. ನಮ್ಮಲ್ಲಿಯೂ ದಿಬ್ಬದ ಮೇಲೆ ಗರಸು, ಇಳಿಜಾರಿನಲ್ಲಿ ಗೇಣುದ್ದ ಮಣ್ಣಿನ ಮಡ್ಡಿ, ಕೆಳಗೆ ಡೋಣಿಯ ಬದಿಗೆ ಆಳೆತ್ತರದ ಕಪ್ಪು ಎರೆ. ಮಳೆ ದಿಬ್ಬವನ್ನು ತೊಳೆಯುತ್ತದೆ. ದಪ್ಪ ಕಲ್ಲು ಮೇಲೆ ಉಳಿಯುತ್ತದೆ, ನಡುತರದ್ದು ನಡುವೆ ನಿಲ್ಲುತ್ತದೆ, ಅತಿ ಸಣ್ಣದ್ದು ನೀರಿನೊಂದಿಗೆ ಹೋಗಿ ತಗ್ಗಿನಲ್ಲಿ ಕೂಡುತ್ತದೆ. ಮಣ್ಣು ಓದುವವರಿಗೆ ಇದು ಮೊದಲ ಪಾಠ: ಮಣ್ಣನ್ನು ಕೇಳುವ ಮೊದಲು ಅದು ಇಳಿಜಾರಿನ ಯಾವ ಮೆಟ್ಟಿಲಲ್ಲಿ ಕುಳಿತಿದೆ ನೋಡು. ಆಂಟಾಪ್ ಹಿಲ್‌ನಲ್ಲಿಯೂ ಅದೇ ಮೆಟ್ಟಿಲುಗಳು. ಕೊನೆಯ ಮೆಟ್ಟಿಲು ಮಾತ್ರ ಸಮುದ್ರದೊಳಗಿದೆ.

ಮಣ್ಣು ಕೈಗೆ ಸಿಕ್ಕದ್ದು ಮರುದಿನ. ವಡಾಲದ ಕಡೆ ಹೋಗುವ ರಸ್ತೆಯ ಬದಿಯಲ್ಲಿ ತಗಡಿನ ಬೇಲಿ, ಒಳಗೆ ಮೂರು ಕಾಲಿನ ಬೋರಿಂಗ್ ಯಂತ್ರ. ಕಟ್ಟಡ ಏಳುವ ಮೊದಲು ನೆಲ ಪರೀಕ್ಷೆ ನಡೆದಿತ್ತು. ಕಾವಲುಗಾರ ಹಿಂದಿಯಲ್ಲಿ ಗದರಿಸಿ ಕಳಿಸುವವನೇ ಇದ್ದ. ಅಷ್ಟರಲ್ಲಿ ಒಳಗಿನಿಂದ ಇಬ್ಬರು ಕೂಲಿಗಳು ತಮ್ಮತಮ್ಮಲ್ಲಿ ಜಗಳವಾಡುವ ಸದ್ದು ಕೇಳಿತು. ಜಗಳ ಶುದ್ಧ ಸಿಂದಗಿ ಕನ್ನಡದಲ್ಲಿತ್ತು. "ಯಾವೂರಪಾ ನಿಮ್ದು?" ಎಂದು ಬೇಲಿಯಾಚೆಯಿಂದ ಕೂಗಿದೆ. ಜಗಳ ನಿಂತಿತು. ಒಬ್ಬ ಬೇಲಿಯ ಹತ್ತಿರ ಬಂದು ಇಣುಕಿದ. ಮೊದಲು 'ಸಾಬ್' ಆಗಿದ್ದವನು ಎರಡು ಮಾತಿನಲ್ಲಿ 'ಕಾಕಾ' ಆದೆ. ಒಳಗೆ ಕರೆದು, ಚಹಾ ತರಿಸಿ, ಬೋರಿಂಗ್ ತೋರಿಸಿದರು. ವಿಜಯಪುರ, ಕಲಬುರಗಿ, ಯಾದಗಿರಿಯವರ ಕೈ ತಾಗದ ಕಟ್ಟಡ ಮುಂಬೈಯಲ್ಲಿ ಎಷ್ಟಿರಬಹುದೋ.

ನೆಲದ ಗಟ್ಟಿತನ ಅಳೆಯುವ ರೀತಿ ಸರಳ. 63.5 ಕಿಲೋ ತೂಕದ ಗುಂಡನ್ನು 75 ಸೆಂಟಿಮೀಟರ್ ಎತ್ತರದಿಂದ ಕೊಳವೆಯ ತಲೆಯ ಮೇಲೆ ಬಿಡುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಗಟ್ಟಿ ಗರಸಿಗೆ ಐವತ್ತು ಪೆಟ್ಟೂ ಸಾಲದು. ಇಲ್ಲಿ ಎಷ್ಟು ಎಂದು ಕೇಳಿದೆ.

"ಹೊಡಿಯೂದ ಬ್ಯಾಡ ಕಾಕಾ. ಗುಂಡ ಸುಮ್ನ ಮ್ಯಾಲ ಇಟ್ರ ಸಾಕ, ತನ್ನಷ್ಟಕ್ಕ ತಾನ ಇಳೀತೈತಿ. ಬೆಣ್ಯಾಗ ಚೂರಿ ಇಳದಂಗ."

ಕೊಳವೆ ಸೀಳಿ ತೆಗೆದ ಮಣ್ಣನ್ನು ಒಂದು ಮರದ ಪೆಟ್ಟಿಗೆಯಲ್ಲಿ ಆಳದ ಕ್ರಮದಲ್ಲಿ ಜೋಡಿಸಿದ್ದರು. ಮೇಲಿನ ಎರಡು ಮೀಟರ್ ಇಟ್ಟಂಗಿ, ಕಾಂಕ್ರೀಟು, ಪ್ಲಾಸ್ಟಿಕ್ಕು, ಒಂದು ಮುರಿದ ಕಪ್ಪಿನ ಹಿಡಿಕೆ. ಊರು ಹಾಕಿದ ಭರ್ತಿ. ಅದರ ಕೆಳಗೆ ಏಳೆಂಟು ಮೀಟರ್ ಒಂದೇ ಸಮನಾದ ಕಪ್ಪು ನೀಲಿ ಬೂದು ಬಣ್ಣದ ರಾಡಿ. ಅದರ ಕೆಳಗೆ ಒಮ್ಮೆಲೇ ಬಣ್ಣ ಬದಲಾಗಿ ಹಳದಿ ಕಂದು ಗರಸು, ನಾನು ಹಿಂದಿನ ದಿನ ಗುಡ್ಡದ ಅಡುಗೆಮನೆಯ ಹಿಂದೆ ಕೆರೆದದ್ದೇ. ಕೊನೆಗೆ ಕಲ್ಲು. ಗುಡ್ಡ ನೆಲದೊಳಗೂ ಇಳಿದು ಹೋಗಿತ್ತು. ರಾಡಿ ಅದರ ಮೇಲೆ ಹೊದ್ದ ಕಂಬಳಿ.

ನಮ್ಮ ಕಸುಬಿನಲ್ಲಿ ಮಣ್ಣನ್ನು ವರ್ಣಿಸಲು ಒಂದು ಶಿಸ್ತಿದೆ. ಮೊದಲು ಬಣ್ಣ. ಮುನ್ಸೆಲ್ ಎಂಬ ಬಣ್ಣದ ಪುಸ್ತಕದ ಚೌಕಗಳ ಪಕ್ಕ ಹೆಂಟೆ ಹಿಡಿದು ಹೊಂದುವ ಚೌಕದ ಸಂಖ್ಯೆ ಬರೆಯಬೇಕು. ಆ ಪುಸ್ತಕ ಇಲಾಖೆಗೆ ವಾಪಸು ಕೊಟ್ಟು ವರ್ಷಗಳಾದವು, ಆದರೆ ಕಣ್ಣಿನಿಂದ ಹೋಗಿಲ್ಲ. ಗಾಳಿಯಾಡದ ನೀರಿನಲ್ಲಿ ಬಹುಕಾಲ ಮುಳುಗಿದ ಮಣ್ಣಿಗಷ್ಟೇ ಬರುವ ಬೂದು ಅದು. ಕಬ್ಬಿಣ ಗಾಳಿ ಕಂಡರೆ ಕೆಂಪು ಹಳದಿಯಾಗುತ್ತದೆ, ಕಾಣದಿದ್ದರೆ ಹೀಗೆ ಸತ್ತ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕೈ. ಒಂದು ಉಂಡೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿ ಮಾಡಿದೆ. ಐದು ಸೆಂಟಿಮೀಟರ್ ದಾಟಿದರೆ ಅದು ಜೇಡಿ. ಇದು ಗೇಣಿನತ್ತ ಹೊರಟಿತು. ಮರಳಿನ ಒಂದು ಕಣವೂ ಬೆರಳಿಗೆ ತಾಗಲಿಲ್ಲ. ನಡುನಡುವೆ ಬೆರಳಿಗೆ ಸಿಕ್ಕಿದ್ದು ಚಿಪ್ಪಿನ ಚೂರು.

ಕೊನೆಯದಾಗಿ ಮುಷ್ಟಿಯ ಪರೀಕ್ಷೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಬೇಕು. ಕೈಯಲ್ಲೇ ನಿಂತರೆ ಸರಿ, ಬೆರಳ ಸಂದಿಯಿಂದ ಹರಿದು ಹೋದರೆ ಅದು ಮಾಗದ ಮಣ್ಣು. ಸಮುದ್ರದಿಂದ ನೆಲ ಎತ್ತಿದ ಹಾಲೆಂಡಿನ ಮಣ್ಣುವಿಜ್ಞಾನಿಗಳು ಕೊಟ್ಟ ಮಾತು ಇದು: ಮಣ್ಣು ಹಣ್ಣಿನ ಹಾಗೆ ಮಾಗುತ್ತದೆ. ನೀರು ಬಸಿದು, ಗಾಳಿ ಹೊಕ್ಕು, ಬಿರುಕು ಬಿಟ್ಟು, ಬೇರು ಇಳಿದು, ಎರೆಹುಳು ಓಡಾಡಿ, ಹಾಗೆ ಕಾಯಿ ಹಣ್ಣಾಗುತ್ತದೆ. ನಮ್ಮಲ್ಲಿ ಇದಕ್ಕೆ 'ಹದ' ಎನ್ನುತ್ತೇವೆ. ಆಂಟಾಪ್ ಹಿಲ್‌ನ ರಾಡಿ ನನ್ನ ಮುಷ್ಟಿಯಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನಾಲ್ಕೂ ಸಂದಿಯಿಂದ ಜಾರಿ ಅಂಗಿಯ ತೋಳಿನೊಳಗೆ ಇಳಿಯಿತು. ಸಿಂದಗಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಚೀಲ ಕೇಳಿದೆ. "ಬೇಕಾದಷ್ಟ ಒಯ್ಯಿ ಕಾಕಾ. ಇದಕ್ಕ ರೊಕ್ಕಾ ಕೊಟ್ಟ ಹೊರಗ ಹಾಕಸ್ತಾರ."

ಗ್ಯಾಲರಿಯಲ್ಲಿ ಒಂದು ತಾಟಿನ ಮೇಲೆ ಹರಡಿ ಒಣಗಲು ಇಟ್ಟೆ. ತಂಗಿ ಮೂಗು ಮುಚ್ಚಿಕೊಂಡಳು. ಕೊಳೆತ ಮೊಟ್ಟೆಯ ವಾಸನೆ ಅದು. ಉಬ್ಬರದ ನೀರಿನಲ್ಲಿರುವ ಗಂಧಕ, ಗಾಳಿಯಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಹಾಗಾಗುತ್ತದೆ. ಅದರ ಒಂದು ಪಾಲು ಕಬ್ಬಿಣದೊಂದಿಗೆ ಕೂಡಿ ಮಣ್ಣಿಗೆ ಕಪ್ಪು ಕೊಡುತ್ತದೆ. ಅಂಥ ಮಣ್ಣನ್ನು ಬರಿದೆ ಬಸಿದು ಒಣಗಿಸಿದರೆ ಗಾಳಿ ಹೊಕ್ಕು ಗಂಧಕಾಮ್ಲವೇ ಹುಟ್ಟಬಹುದು. ಕೇರಳದ ಕುಟ್ಟನಾಡಿನ ಕರಿ ಭೂಮಿಯ ರೈತರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಒಂದು ಚಿಪ್ಪಿನ ಚೂರಿನ ಮೇಲೆ ಅಡುಗೆಮನೆಯ ಲಿಂಬೆರಸ ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು. ಸುಣ್ಣವಿದೆ ಎಂದಾಯಿತು, ಆಮ್ಲ ಹುಟ್ಟಿದರೂ ಅದನ್ನು ಸ್ವಲ್ಪ ತಿಂದು ಹಾಕಲು ಮನೆಯಲ್ಲೇ ಜನ ಇದ್ದಾರೆ.

ಎರಡನೆಯ ದಿನಕ್ಕೆ ತಾಟಿನ ಮಣ್ಣು ಸೀಳತೊಡಗಿತು. ಮೂರನೆಯ ದಿನ ಅದರ ಮೈಮೇಲೆ ಆರುಮೂಲೆಯ, ಐದುಮೂಲೆಯ ಬಿಲ್ಲೆಗಳಾಗಿ ಬಿರುಕು. ನನ್ನ ಕೈಯಲ್ಲಿದ್ದ ಚಹಾ ಆರಿತು. ಈ ಬಿರುಕನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಚೈತ್ರ ವೈಶಾಖದಲ್ಲಿ ನಮ್ಮ ಹೊಲಗಳಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗುವ ಬಿರುಕೂ ಇದೇ ಚಿತ್ತಾರದ್ದು. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ತೆರೆಯುತ್ತದೆ.

ಕಾರಣ ಮನೆತನದ್ದು. ಕರಿಕಲ್ಲು ಕೊಳೆತಾಗ ಹುಟ್ಟುವ ಜೇಡಿ ಖನಿಜಗಳಲ್ಲಿ ಮುಖ್ಯವಾದದ್ದು ಮಾಂಟ್‌ಮೊರಿಲೊನೈಟ್. ಹಾಳೆಯ ಮೇಲೆ ಹಾಳೆ ಇಟ್ಟ ಪುಸ್ತಕದಂತೆ ಅದರ ರಚನೆ, ಹಾಳೆಗಳ ನಡುವೆ ನೀರು ಹೊಕ್ಕರೆ ಪುಸ್ತಕ ಉಬ್ಬುತ್ತದೆ. ಕಣ ಎರಡು ಮೈಕ್ರಾನಿಗಿಂತ ಚಿಕ್ಕದು. ಆದರೆ ಒಂದು ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 700-800 ಚದರ ಮೀಟರ್ ಆಗುತ್ತದೆ. ಚಿಟಿಕೆ ಮಣ್ಣಿನಲ್ಲಿ ಮೂರು ಸೈಟು! ವಿಜಯಪುರದ ಎರೆಯಲ್ಲೂ ಇದೇ, ಮುಂಬೈಯ ಕಡಲ ಜೇಡಿಯಲ್ಲೂ ಇದೇ. ಒಂದೇ ಕಲ್ಲಿನ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಅಕ್ಕ ತಗ್ಗಿನ ಹೊಲದಲ್ಲಿ ಕೂತಳು, ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗಿ ಹದಕ್ಕೆ ಬಂದಳು, ಬಿಳಿಜೋಳ ಹೆತ್ತಳು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ನಾಡಿನ ಬಾಯಲ್ಲಿ ಹೆಸರು ಪಡೆದಳು. ತಂಗಿ ಹೊಳೆಯೊಂದಿಗೆ ಪಶ್ಚಿಮಕ್ಕೆ ಓಡಿ ಉಪ್ಪುನೀರು ಸೇರಿದಳು. ಸಿಹಿನೀರಿನಲ್ಲಿ ತೇಲುತ್ತ ಬಂದ ಜೇಡಿ ಉಪ್ಪುನೀರು ಕಂಡೊಡನೆ ಕಣಕ್ಕೆ ಕಣ ಅಂಟಿ, ಗುಪ್ಪೆಯಾಗಿ ತಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅವಳಿಗೆ ಬೇಸಿಗೆಯೇ ಬರಲಿಲ್ಲ.

ಅಕ್ಕನ ಮನೆಯಲ್ಲೂ ಉಪ್ಪಿಲ್ಲದಿಲ್ಲ ಎನ್ನಿ. ಡೋಣಿಯ ನೀರೇ ಸವಳು. ಕಾಲುವೆ ಬಂದ ಮೇಲೆ ನೀರು ಹೆಚ್ಚು ಬಿಟ್ಟು ಜವಳಾದ ಎಷ್ಟೋ ಎರೆ ಹೊಲಗಳನ್ನು ನಾನೇ ನಕ್ಷೆಯಲ್ಲಿ ಗುರುತು ಮಾಡಿ ಬಂದಿದ್ದೇನೆ. ಬಿಳಿ ಪೊರೆ ಕಟ್ಟಿದ ಆ ಹೊಲಗಳ ದಂಡೆಯಲ್ಲಿ ನಿಂತಾಗ ರೈತ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಮತ್ತ ಹದಕ್ಕ ಬರ್ತೈತೇನ್ರಿ ಸಾಹೇಬ್ರ?" ಬರುತ್ತದೆ ಎನ್ನುತ್ತಿದ್ದೆ. ಎಲ್ಲ ಸಲವೂ ನಿಜ ಹೇಳಿದ್ದೇನೆ ಎನ್ನಲಾರೆ.

ರಾಡಿಗೆ ವಯಸ್ಸೆಷ್ಟು? ಭೂಮಿಯ ವಯಸ್ಸಿನಲ್ಲಿ ಮೊನ್ನೆ ಮೊನ್ನೆಯದು. ಕೊನೆಯ ಹಿಮಯುಗ ಕರಗುತ್ತ ಜಗತ್ತಿನ ಕಡಲು ಸುಮಾರು 120 ಮೀಟರ್ ಏರಿತು. ಆರೇಳು ಸಾವಿರ ವರ್ಷಗಳ ಹಿಂದೆ ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ಬಂದು ನಿಂತಿತು. ಮುಂಬೈಯ ಪೂರ್ವ ದಂಡೆಯಲ್ಲಿ ಇದಕ್ಕೆ ಒಂದು ಅದ್ಭುತವಾದ ಸಾಕ್ಷಿ ಸಿಕ್ಕಿತ್ತು. 1880ರಲ್ಲಿ ತೆರೆದ ಪ್ರಿನ್ಸಸ್ ಡಾಕ್‌ಗಾಗಿ ಅಗೆಯುವಾಗ, ಕಪ್ಪು ಜೇಡಿಯ ಕೆಳಗೆ ಒಂದು ಕಾಡೇ ಕಂಡಿತು. ಸುಮಾರು 380 ಮರಗಳು, ಅರ್ಧಕ್ಕಿಂತ ಹೆಚ್ಚು ನಿಂತಲ್ಲೇ ನಿಂತಿದ್ದವು, ಬೇರು ಕೆಳಗಿನ ಗಟ್ಟಿ ನೆಲದಲ್ಲಿ. ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ ಕಾಚಿನ ಮರಗಳು ಅವು. ಉಪ್ಪುನೀರಿನಲ್ಲಿ ಕಾಚು ಬೆಳೆಯುವುದಿಲ್ಲ. ಅಂದರೆ ಅಲ್ಲಿ ಒಮ್ಮೆ ಒಣನೆಲವಿತ್ತು, ಕಡಲು ಬಂದು ಮರದ ಮಂಡಿಗೆ, ಸೊಂಟಕ್ಕೆ, ಕೊರಳಿಗೆ ಕೆಸರು ಕಟ್ಟಿ ಮುಚ್ಚಿತು. ಆ ಕೆಸರು ಗಾಳಿ ಬಿಡಲಿಲ್ಲ, ಮರ ಕೊಳೆಯಲಿಲ್ಲ. ಸಿಂದಗಿಯ ಹುಡುಗರ ಪೆಟ್ಟಿಗೆಯಲ್ಲಿ ರಾಡಿ ಮುಗಿದು ಹಳದಿ ಗರಸು ಶುರುವಾಗುವ ಆ ಒಂದು ಗೆರೆ ನೋಡಿದಾಗ ನನಗೆ ಕಂಡದ್ದು ಆ ಕಾಡಿನ ನೆಲ.

ನಾಲ್ಕನೆಯ ದಿನ ಅಳಿಯನನ್ನು ಜೊತೆಗೆ ಕರೆದುಕೊಂಡು ಕೋಕ್ರಿ ಆಗರ್ ಕಡೆ ಹೋದೆ. ಆಂಟಾಪ್ ಹಿಲ್‌ನದೇ ಒಂದು ಬಡಾವಣೆ. ಅಳಿಯ ಹುಟ್ಟಿ ಬೆಳೆದದ್ದು ಇಲ್ಲಿಯೇ, ಆದರೆ ಆಗರ್ ಎಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ.

"ಏನೋ ಹೆಸರು ಮಾಮಾ. ಇಲ್ಲಿ ಎಲ್ಲಾದಕ್ಕೂ ಏನೋ ಒಂದ್ ಹೆಸರಿರ್ತದ."

ಆಗರ ಎಂದರೆ ಉಪ್ಪಿನ ಆಗರ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅವರ ಉಪ್ಪಿನಾಗರಗಳಲ್ಲಿ ಇಂದಿಗೂ ಉಪ್ಪು ಎಳೆಯುತ್ತಾರೆ. ಮರಾಠಿಯಲ್ಲಿಯೂ ಅದು ಮೀಠಾಗರ, ಅಲ್ಲಿ ದುಡಿದವರು ಆಗ್ರಿಗಳು. ಆಗರ ಕಟ್ಟುವವನಿಗೆ ಈ ರಾಡಿಯ ದೋಷವೇ ಗುಣ. ನೀರು ಇಂಗಿದರೆ ಉಪ್ಪಾಗುವುದಿಲ್ಲ. ನೆಲವನ್ನು ಕಾಲಿನಿಂದ ತುಳಿದು, ಹಲಗೆಯಿಂದ ಬಡಿದು, ಕಂಚಿನ ತಟ್ಟೆಯಂತೆ ಗಟ್ಟಿ ಮಾಡಿದರೆ ಈ ಜೇಡಿ ಒಂದು ಹನಿಯನ್ನೂ ಕೆಳಗೆ ಬಿಡದು. ಬಿಸಿಲು ಮೇಲಿನಿಂದ ಎಳೆದುಕೊಳ್ಳಬೇಕು, ಅಷ್ಟೇ ದಾರಿ. ಅಘನಾಶಿನಿಯ ದಂಡೆಯ ಗಜನಿ ಭೂಮಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಳೆಗಾಲದಲ್ಲಿ ಉಪ್ಪು ತೊಳೆದುಹೋಗುವ ನಾಲ್ಕು ತಿಂಗಳಿನಲ್ಲಿ ಅಂಥದೇ ಮಣ್ಣಿನಲ್ಲಿ ಕಗ್ಗ ಭತ್ತ ಬೆಳೆದರು. ಉಪ್ಪಿಗೆ ಜಗ್ಗದ, ನೆರೆಗೆ ಬಾಗದ ಭತ್ತ. ಸಾಣಿಕಟ್ಟೆಯ ಆಗರದ ಮಗ್ಗುಲಿನ ಹನೇಹಳ್ಳಿಯಿಂದ ಬಂದ ಕಥೆಗಾರ ಯಶವಂತ ಚಿತ್ತಾಲರು ಬಾಳು ಕಳೆದದ್ದು ಬಾಂದ್ರಾದ ಕಡಲಂಚಿನಲ್ಲಿ. ಉಪ್ಪಿನ ವಾಸನೆ ಅವರಿಗೆ ಹೊಸದಾಗಿರಲಿಕ್ಕಿಲ್ಲ.

ವಡಾಲದ ಆಗರಗಳಿಗೆ ಒಂದು ದಿನದ ಚರಿತ್ರೆಯೂ ಉಂಟು. 1930ರ ಜೂನ್ 1ರಂದು ಉಪ್ಪಿನ ಸತ್ಯಾಗ್ರಹದಲ್ಲಿ ಸುಮಾರು 15,000 ಜನ ಇಲ್ಲಿನ ಉಪ್ಪಿನ ರಾಶಿಗೆ ನುಗ್ಗಿದರು. ರೈಲು ಗೇಟಿನ ಹತ್ತಿರ ಪೊಲೀಸರು ಅಡ್ಡಗಟ್ಟಿದಾಗ ಹೆಂಗಸರು ಮಕ್ಕಳು ಸಮೇತ ಜನ ಕಾವಲು ಮುರಿದು, ಕೆಸರಿನೊಳಗೆ ಬಿದ್ದು ಎದ್ದು ಓಡಿದರು. ಚರಿತ್ರೆ ಬರೆದವರು ಲಾಠಿ ಎಣಿಸಿದ್ದಾರೆ, ಬಂಧನ ಎಣಿಸಿದ್ದಾರೆ. ನಾನು ಆ ಕೆಸರಿನ ಬಗ್ಗೆ ಯೋಚಿಸುತ್ತೇನೆ. ಮುಷ್ಟಿಯಲ್ಲಿ ನಿಲ್ಲದ ಮಣ್ಣು ಅದು. ಓಡುವವನ ಪಾದ ಹಿಡಿದುಕೊಳ್ಳುತ್ತದೆ, ಚಪ್ಪಲಿ ಬಿಡುವುದಿಲ್ಲ. ಬೂಟು ಹಾಕಿದ ಪೊಲೀಸರಿಗಿಂತ ಬರಿಗಾಲಿನವರಿಗೆ ಅಂದು ಅನುಕೂಲವಾಗಿರಬೇಕು. ಅದೇ ವರ್ಷ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರೂ ಮುಂಬೈಯಲ್ಲಿ ಉಪ್ಪಿಗಾಗಿಯೇ ಜೈಲಿಗೆ ಹೋದವರು.

ಕೋಕ್ರಿ ಆಗರದಲ್ಲಿ ಈಗ ಆಗರವಿಲ್ಲ. ಮನೆ, ಅಂಗಡಿ, ಶಾಲೆ, ದೊಡ್ಡ ಗಟಾರ. ಹೆಸರೊಂದು ಉಳಿದಿದೆ, ಅದರ ಅರ್ಥ ಉಳಿದಿಲ್ಲ.

ಮನೆಗೆ ಹಿಂದಿರುಗುವ ಮೊದಲು ಆಂಟಾಪ್ ಹಿಲ್ ನಿಲ್ದಾಣದಿಂದ ಮೊನೊರೈಲು ಹಿಡಿದೆವು. ಹೆಚ್ಚುಕಡಿಮೆ ಖಾಲಿ. ಭಕ್ತಿ ಪಾರ್ಕ್ ದಾಟಿದೊಡನೆ ಕಟ್ಟಡಗಳು ಸರಿದು ಎರಡೂ ಬದಿಗೆ ಕಾಂಡ್ಲಾ ಕಾಡು, ಖಾಲಿ ಆಗರಗಳ ಚೌಕಗಳು, ಇಳಿತದ ಹೊತ್ತಿನ ಹೊಳೆಯುವ ರಾಡಿ. ಕೆಸರಿನಿಂದ ನೆಟ್ಟಗೆ ಮೊಳೆಗಳಂತೆ ಎದ್ದ ಉಸಿರಬೇರುಗಳು. ಗಾಳಿ ಒಳಗೆ ಹೋಗದ ಮಣ್ಣಿನಲ್ಲಿ ಬದುಕಬೇಕಾದರೆ ಬೇರೇ ಹೊರಗೆ ಬರಬೇಕು. ಮುಂದಿನ ನಿಲ್ದಾಣದ ಫಲಕ ನೋಡಿ ಅಳಿಯ ನನ್ನ ಭುಜ ತಟ್ಟಿದ. ಮೈಸೂರು ಕಾಲೊನಿ! ಕೆಂಪು ಮಣ್ಣಿನ ಊರಿನ ಹೆಸರು ಕಪ್ಪು ರಾಡಿಯ ದಂಡೆಯಲ್ಲಿ ಹೇಗೆ ಬಂದು ಕೂತಿತೋ, ಇಳಿದು ಇಬ್ಬರನ್ನು ಕೇಳಿದರೂ ತಿಳಿಯಲಿಲ್ಲ. ಇಳಿಬಿಸಿಲಿನಲ್ಲಿ ದೂರಕ್ಕೆ ಹೊಸ ಅಟಲ್ ಸೇತುವೆಯ ಗೆರೆ ಕಾಣುತ್ತಿತ್ತು. ತೆರೆದು ಒಂದು ತಿಂಗಳಾಗಿತ್ತಷ್ಟೇ. 21.8 ಕಿಲೋಮೀಟರ್ ಉದ್ದದ ಆ ಸೇತುವೆ ಹೊರಡುವುದೇ ಶಿವಡಿಯ ಕೆಸರು ಬಯಲಿನಿಂದ, ಚಳಿಗಾಲಕ್ಕೆ ರಾಜಹಂಸಗಳು ಬಂದು ಇದೇ ರಾಡಿಯನ್ನು ಸೋಸಿ ಹೊಟ್ಟೆ ತುಂಬಿಕೊಳ್ಳುವ ಜಾಗದಿಂದ. ರಾಡಿಯಲ್ಲಿ ಏನೂ ಬೆಳೆಯುವುದಿಲ್ಲ ಎಂಬ ತಂಗಿಯ ತೀರ್ಪಿಗೆ ಆ ಹಕ್ಕಿಗಳ ಗುಲಾಬಿ ಬಣ್ಣವೇ ಉತ್ತರ. ಅದು ಅವು ತಿನ್ನುವ ಪಾಚಿಯಿಂದ, ಸಣ್ಣ ಸಿಗಡಿಯಂಥ ಜೀವಿಗಳಿಂದ ಬಂದದ್ದು.

ಎಂಜಿನಿಯರುಗಳಿಗೆ ಮಾತ್ರ ಈ ಮಣ್ಣು ಇಲ್ಲದ ಹಾಗೆ. ಅವರು ಅದನ್ನು ತೂರಿಕೊಂಡು ಹೋಗಿ ಕೆಳಗಿನ ಕಲ್ಲಿನ ಮೇಲೆ ಕಂಬ ಊರುತ್ತಾರೆ, ಕಟ್ಟಡ ಕಲ್ಲಿನ ಮೇಲೆ ನಿಲ್ಲುತ್ತದೆ. ತಪ್ಪೇನಲ್ಲ, ಬೇರೆ ದಾರಿಯಿಲ್ಲ. ಆದರೆ ಕಟ್ಟಡದ ಸುತ್ತಲಿನ ಅಂಗಳ, ಕಂಪೌಂಡು, ರಸ್ತೆ, ಗಟಾರಕ್ಕೆ ಯಾರೂ ಕಂಬ ಊರುವುದಿಲ್ಲ. ಅವು ರಾಡಿಯ ಮೇಲಿನ ಭರ್ತಿಯ ಮೇಲೇ ತೇಲಬೇಕು. ರಾಡಿಯೊಳಗಿನ ನೀರು ವರ್ಷಗಟ್ಟಲೆ ಹನಿಹನಿಯಾಗಿ ಹೊರಬರುತ್ತ ನೆಲ ಕೂರುತ್ತದೆ. ತಂಗಿಯ ಕಾಲೊನಿಯಲ್ಲಿ ಕೆಲವು ಕಟ್ಟಡಗಳ ಮೊದಲ ಮೆಟ್ಟಿಲು ನೆಲದಿಂದ ಒಂದು ಗೇಣು ಮೇಲೆದ್ದು ನಿಂತಿದೆ. ಕಟ್ಟಡ ಎದ್ದದ್ದಲ್ಲ, ಅಂಗಳ ಇಳಿದದ್ದು. 2018ರ ಜೂನ್ 25ರ ಮಳೆಯಲ್ಲಿ ಆಂಟಾಪ್ ಹಿಲ್‌ನ ಒಂದು ವಸತಿ ಸಂಕೀರ್ಣದ ಆವರಣ ಗೋಡೆ ಪಕ್ಕದ ನಿವೇಶನದ ಅಗೆತದ ಗುಂಡಿಗೆ ಕುಸಿದು, ಸಾಲಾಗಿ ನಿಲ್ಲಿಸಿದ್ದ ಹತ್ತಕ್ಕೂ ಹೆಚ್ಚು ಕಾರುಗಳು ರಸ್ತೆಯ ಸಮೇತ ಕೆಳಗೆ ಹೋದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದರ ತಪ್ಪನ್ನು ಮಣ್ಣಿನ ತಲೆಗೆ ಕಟ್ಟುವುದು ಅನ್ಯಾಯ. ಮಣ್ಣು ತನ್ನ ಸ್ವಭಾವವನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನೀರು ಎಲ್ಲಿಗೆ ಹೋಗಬೇಕಿತ್ತು ಎಂದು ಎಲ್ಲರೂ ಕೇಳಿದರು. ಈ ಜೇಡಿಯೊಳಗೆ ನೀರು ಇಂಗುವುದಿಲ್ಲ ಎಂಬುದು ಆಗ್ರಿಗಳ ಕಾಲಿಗೆ ಮೊದಲೇ ಗೊತ್ತಿತ್ತು. ಅವರು ಅದರಿಂದಲೇ ಅನ್ನ ತಿಂದರು.

ಐದನೆಯ ದಿನ ಲಾರಿ ಬಂತು. ಕುಂಡಗಳನ್ನು ನೆರೆಮನೆಯವರಿಗೆ ಹಂಚಿದೆವು. ತುಳಸಿಯನ್ನು ಮಾತ್ರ ತಂಗಿ ಬಿಡಲಿಲ್ಲ, ಕೆಂಪು ಮಣ್ಣಿನ ಸಮೇತ ಮಡಿಲಲ್ಲಿಟ್ಟುಕೊಂಡು ವಿಜಯಪುರಕ್ಕೆ ಬಂದಳು. ನಾನು ನನ್ನ ಚೀಲದಲ್ಲಿ ಎರಡು ಕಿಲೋ ರಾಡಿ ತಂದೆ. ದಾದರದಲ್ಲಿ ಬ್ಯಾಗು ಯಂತ್ರದೊಳಗೆ ಹೋದಾಗ ಪೊಲೀಸ್ ಬಿಚ್ಚಿಸಿ ನೋಡಿದ, ಮೂಸಿದ, ಏನೂ ಕೇಳದೆ ಮುಖ ಹಿಂಡಿ ಕಳಿಸಿದ.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಮೊಮ್ಮಕ್ಕಳಿಗೆ ಎತ್ತು ಮಾಡಬೇಕಿತ್ತು. ಪ್ರತಿವರ್ಷ ಹೊಲದ ಎರೆ ತಂದು, ಕಲ್ಲು ಬೇರು ಆರಿಸಿ, ನಾದಿ ಮಾಡುತ್ತೇನೆ. ಈ ಸಲ ಒಂದು ಎತ್ತು ಹೊಲದ ಎರೆಯದು, ಜೋಡಿಯ ಇನ್ನೊಂದು ಆಂಟಾಪ್ ಹಿಲ್‌ನದು. ಮುಂಬೈಯ ಗಣಪತಿಗೂ ಈ ಮಣ್ಣು ಬಳಸುವುದಿಲ್ಲ, ಗುಜರಾತಿನಿಂದ ಶಾಡು ಮಣ್ಣು ತರಿಸುತ್ತಾರೆ ಎಂದು ಗೊತ್ತಿದ್ದೂ ಮಾಡಿದೆ. ನಾದುವಾಗ ಎರಡೂ ಒಂದೇ ಸಮ. ಕೊಂಬು, ಭುಜ, ಬಾಲ ಚೆನ್ನಾಗಿಯೇ ಬಂದವು. ಪೂಜೆಯಾಗಿ, ನೈವೇದ್ಯ ಹಿಡಿದು, ಜೋಡಿಯನ್ನು ಕಟ್ಟೆಯ ಮೇಲೆ ಇಟ್ಟೆವು. ಮೂರು ದಿನಕ್ಕೆ ಎರಡೂ ಎತ್ತಿಗೆ ಕುತ್ತಿಗೆಯ ಹತ್ತಿರ ಸಣ್ಣ ಬಿರುಕು ಬಿಟ್ಟಿತು, ಒಂದೇ ಜಾಗದಲ್ಲಿ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಆಂಟಾಪ್ ಹಿಲ್‌ನ ಎತ್ತಿನ ಬೆನ್ನ ಮೇಲೆ ಬೆಳ್ಳಗೆ ಉಪ್ಪು ಮೂಡಿತ್ತು. ಚಿಕ್ಕ ಮೊಮ್ಮಗಳು ಅದನ್ನು ನೆಕ್ಕಿ ನೋಡಿ ಹೌದೆಂದಳು.